ಕುಲಪತಿಗಳು ಮುಟ್ಟದ ಕಾಫಿ

ಜೋರ್ಡಾನಿನ ದಕ್ಷಿಣದ ಗುಡ್ಡಗಳ ನಡುವೆ ಇರುವ ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿ ಡಾ. ವಾಇಲ್ ಬಂದರು. ಬಹುಕಾಲ ಹೊರದೇಶದಲ್ಲಿದ್ದವರು, ಬರುವಾಗ ಬದಲಾವಣೆಯ ಕಾರ್ಯತಂತ್ರವೊಂದನ್ನು ಹೊತ್ತು ತಂದಿದ್ದರು. ಅಬ್ಬಬ್ಬಾ, ಎಂಥ ತಂತ್ರ! ಬೋರ್ಡುಗಳು ಬದಲಾದವು, ವಿಭಾಗಗಳ ಹೆಸರುಗಳು ಬದಲಾದವು. ಶೌಚಾಲಯದ ನಲ್ಲಿ ಮಾತ್ರ ಹಳೆಯ ನಿಷ್ಠೆಯಿಂದ ಸೋರುತ್ತಲೇ ಇತ್ತು.

ತಂತ್ರ ಎಡವಿದ್ದು ಮುಫ್ಲಿಹ್‌ನ ಮುಂದೆ. ಅವನು ಗ್ರಂಥಾಲಯದ ಮುಖ್ಯಸ್ಥ, ನನ್ನ ಪಕ್ಕದ ಮೇಜಿನವ. ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದ ಹುಡುಗಿಯರಿಗಾಗಿ ವಾಚನಾಲಯವನ್ನು ಕತ್ತಲಾಗುವವರೆಗೆ ತೆರೆದಿಡುತ್ತಿದ್ದ. ಕುಲಪತಿಗಳಿಗೆ ಅದೇ ಕೋಣೆಯಲ್ಲಿ ‘ಬದಲಾವಣಾ ಕೇಂದ್ರ’ ಬೇಕಿತ್ತು. ಮುಖ್ಯಸ್ಥ ಒಪ್ಪದೆ ಅದು ಆಗುವಂತಿರಲಿಲ್ಲ. ಅವನ ಮನವೊಲಿಸಲು ಕಾರ್ಯಾಗಾರ ಮಾಡಿದರು, ಭರ್ಜರಿ ಊಟ ಹಾಕಿಸಿದರು. ಮುಫ್ಲಿಹ್ ಊಟ ಮಾಡಿದ, ಒಪ್ಪಲಿಲ್ಲ.

ಆಗ ಯಾವನೋ ಪುಣ್ಯಾತ್ಮ ಕುಲಪತಿಗಳ ಕಿವಿಯಲ್ಲಿ ಊರಿನ ಪದ್ಧತಿಯೊಂದನ್ನು ಊದಿದ. ಶುಕ್ರವಾರ ಅವರು ಊರ ಹಿರಿಯರನ್ನು ಕಟ್ಟಿಕೊಂಡು ಮುಫ್ಲಿಹ್‌ನ ಮನೆಗೇ ಬಂದರು. ಮುಂದೆ ನಿಂತವರು ಅವನ ಸ್ವಂತ ದೊಡ್ಡಪ್ಪ! ಕಾಫಿ ಬಂತು. ಕುಲಪತಿಗಳು ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. ಅತಿಥಿ ಕಾಫಿ ಕುಡಿಯದೆ ಎದ್ದು ಹೋದರೆ ನಮ್ಮ ಕಡೆ ಮನೆಯವರ ಮಾನ ಹೋದಂತೆ.

“ಕೇಳಿದ್ದು ಕೊಡೋವರೆಗೂ ಅತಿಥಿ ಮುಟ್ಟಲ್ಲವಂತೆ ಕಣಪ್ಪಾ,” ಎಂದರು ದೊಡ್ಡಪ್ಪ. “ಕಾಫಿ ಆರ್ತಾ ಇದೆ. ನಮ್ಮ ಮಾನ ಕಳೀಬೇಡ.”

ಮುಫ್ಲಿಹ್‌ನ ಮುಖ ಸಣ್ಣಗಾಯಿತು. “ಕುಡೀರಿ ಡಾಕ್ಟ್ರೇ, ಕೊಟ್ಟೆ.”

ಅವರು ಹೋದ ಮೇಲೆ ಹೆಂಡತಿ ಉಮ್ಮ್ ರಾಕಾನ್ ಗುಡುಗಿದಳು: “ನಮ್ಮ ಕುರಿ ಕೇಳಿದ್ರೆ ಕೊಡಬಹುದಿತ್ತು ಕಣ್ರೀ. ಆ ಹುಡುಗೀರ ಜಾಗ ಏನು ನಿಮ್ಮಪ್ಪನ ಆಸ್ತಿನಾ?”

ವಾರ್ಷಿಕ ವರದಿಯಲ್ಲಿ ಇದು ‘ಸಿಬ್ಬಂದಿಯ ಮನಃಪೂರ್ವಕ ಸಹಭಾಗಿತ್ವ’ ಆಯಿತು. ಹುಡುಗಿಯರು ಮೆಟ್ಟಿಲ ಮೇಲೆ ಕೂತು ಓದತೊಡಗಿದರು. ಅವರ ಪುಸ್ತಕಗಳನ್ನು ದಾಟಿಕೊಂಡು ಒಳಗೆ ಬರುವಾಗ ಮುಫ್ಲಿಹ್ ತಲೆ ಎತ್ತುತ್ತಿರಲಿಲ್ಲ. ನನಗಂತೂ ನೋಡಲಾಗಲಿಲ್ಲ.

“ಏಳಯ್ಯಾ, ಕುಲಪತಿಗಳ ದಾರಿಯಲ್ಲೇ ನಾವೂ ಹೋಗೋಣ,” ಎಂದೆ.

ತಾವು ಕೊಡಿಸಿದ್ದು ಹುಡುಗಿಯರ ಓದುವ ಜಾಗ ಎಂದು ಆಮೇಲೆ ತಿಳಿದು ನಾಚಿದ್ದ ದೊಡ್ಡಪ್ಪ ತಾವೇ ಮುಂದಾಗಿ ಹೊರಟರು. ಕುಲಪತಿಗಳ ಮನೆಯಲ್ಲಿ ಮುಫ್ಲಿಹ್ ಬಟ್ಟಲನ್ನು ಕೆಳಗಿಟ್ಟ. “ಡಾಕ್ಟ್ರೇ, ವಾಚನಾಲಯ ವಾಪಸ್ ಕೊಡೋವರೆಗೂ ಕುಡಿಯಲ್ಲ.”

ಕುಲಪತಿಗಳು ನಸುನಕ್ಕರು. “ಪರವಾಗಿಲ್ಲ ಬಿಡಿ, ಕಾಫಿ ಕಡಿಮೆ ಮಾಡಿದ್ರೆ ಆರೋಗ್ಯಕ್ಕೂ ಒಳ್ಳೇದು,” ಎಂದವರೇ ಬಟ್ಟಲುಗಳನ್ನು ಎತ್ತಲು ಆಳಿಗೆ ಸನ್ನೆ ಮಾಡಿದರು.

ಎಂಬತ್ತು ದಾಟಿದ ದೊಡ್ಡಪ್ಪ ಜೀವಮಾನದಲ್ಲಿ ಮೊದಲ ಸಲ, ಒಂದು ಮನೆಯಿಂದ ಕಾಫಿ ಕುಡಿಯದೆ ಎದ್ದು ಬಂದರು.