ಚಿತ್ರದ ಮುನೇಶ್ವರನಿಗೆ ಇಟ್ಟ ಕುಂಕುಮ

ಎಪ್ಪತ್ತರ ದಶಕದ ಮಾತು. ಪೀಣ್ಯದಲ್ಲಿ ನಮ್ಮವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ನಿಂತಿದ್ದು ನನ್ನ ತವರಿನ ಹೊಲದ ಮೇಲೆಯೇ. ಜಮೀನು ಸರ್ಕಾರಕ್ಕೆ ಹೋಗುವ ಹಿಂದಿನ ವರ್ಷ ಒಬ್ಬ ದೊಡ್ಡ ಸಿನಿಮಾ ನಟರು ಭಾನುವಾರ ಬಂದು, ನಮ್ಮ ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಹೊಲದ ಚಿತ್ರ ಬರೆಯುತ್ತಿದ್ದರು. ಶೂಟಿಂಗ್ ಇಲ್ಲದಾಗಿನ ಹವ್ಯಾಸವಂತೆ. ಅಮ್ಮ ಮಜ್ಜಿಗೆ ಕೊಟ್ಟರೆ ಕುಡಿದು ಲೋಟ ತಾವೇ ತೊಳೆದಿಡುತ್ತಿದ್ದರು; ಒಳ್ಳೆಯವರೇ ಎನ್ನಬೇಕು. ಮುಂದೆ ಆ ಚಿತ್ರವನ್ನು ತಮ್ಮ ಗೆಳೆಯರಾದ ಕಾರ್ಖಾನೆ ಮಾಲೀಕರಿಗೆ ಕೊಟ್ಟರು.

ಹೊಲ ಕಾಯುತ್ತಿದ್ದ ಮುನೇಶ್ವರನ ಕಲ್ಲು ಹೊಂಗೆ ಮರದ ಬುಡದಲ್ಲಿತ್ತು. ಅದನ್ನು ಬುಲ್ಡೋಜರ್ ಎತ್ತಿ ಎಲ್ಲಿ ಹಾಕಿತೋ, ಹುಡುಕಿದರೂ ಸಿಗಲಿಲ್ಲ.

ಆಯುಧಪೂಜೆಯ ದಿನ ಮಾತ್ರ ಮನೆಯವರನ್ನು ಕಾರ್ಖಾನೆಯೊಳಗೆ ಬಿಡುತ್ತಿದ್ದರು. ಲೇಥ್ ಮೆಷಿನ್, ತಕ್ಕಡಿ, ಟೈಪ್‌ರೈಟರ್, ಕೊನೆಗೆ ಮಾಲೀಕರ ಮೇಜಿಗೂ ಕುಂಕುಮ ಇಡುವ ಕೆಲಸ ಹೆಂಗಸರದ್ದು. ತಟ್ಟೆ ಹಿಡಿದು ಅವರ ಕೋಣೆಗೆ ಹೋದಾಗ ಗೋಡೆಯ ಮೇಲೆ ಆ ಚಿತ್ರ ಕಂಡಿತು. ನಮ್ಮ ಬಾವಿ, ಹೊಂಗೆ ಮರ, ಬುಡದಲ್ಲಿ ಕಲ್ಲು. ಬೋಳು ಕಲ್ಲು. ನಟರ ಕಣ್ಣಿಗೆ ಅದು ಬರೀ ಕಲ್ಲು. ಹಬ್ಬದ ದಿನ ದೇವರನ್ನು ಹಾಗೆ ಬಿಡುವುದು ಹೇಗೆ? ಕಬ್ಬಿಣಕ್ಕೆ ಅಂಟಲೆಂದು ಎಣ್ಣೆಯಲ್ಲಿ ಕಲಸಿದ್ದ ಕುಂಕುಮವನ್ನು ಉಂಗುರದ ಬೆರಳಲ್ಲಿ ತೆಗೆದು ಇಟ್ಟೇಬಿಟ್ಟೆ.

"ಏನಮ್ಮಾ ಇದು! ಅದೇನು ಮೆಷಿನ್ನಾ?" ಮಾಲೀಕರು ಹಿಂದೆಯೇ ಬಂದಿದ್ದರು.

"ಮುನೇಶ್ವರ ಸಾರ್, ನಮ್ಮ ಹೊಲದ್ದು," ಎಂದೆ.

ನಮ್ಮವರು ಓಡಿಬಂದು ಕೈಮುಗಿದರು. "ತಪ್ಪಾಯ್ತು ಸಾರ್. ಇವಳಿಗೆ ಏನೂ ಗೊತ್ತಾಗಲ್ಲ." ಬಟ್ಟೆಯಲ್ಲಿ ಒರೆಸಿದರು, ಕುಂಕುಮದ ಕೆಂಪು ಚಿತ್ರದ ಮರದವರೆಗೂ ಹರಡಿತು. ಬಾಗಿಲಲ್ಲಿದ್ದ ಫೋರ್‌ಮನ್ ಹೆಂಡತಿ ನಕ್ಕರು: "ಕ್ಯಾಲೆಂಡರ್‌ನಲ್ಲಿರೋ ಬೆಟ್ಟಕ್ಕೂ ಮಂಗಳಾರತಿ ಎತ್ತಿಬಿಡ್ತೀರ ಕಣ್ರೀ ನೀವು!"

ಕೆಲಸ ಹೋಗುತ್ತದೆಂದು ನಮ್ಮವರು ಒಂದು ವಾರ ಸರಿಯಾಗಿ ಉಣ್ಣಲಿಲ್ಲ, ನನ್ನ ಹತ್ತಿರ ಮಾತೂ ಆಡಲಿಲ್ಲ. ಕೆಲಸ ಹೋಗಲಿಲ್ಲ. ಅದು ದೇವರ ದಯೆ, ಇಲ್ಲವೆನ್ನಲಾರೆ. ನಟರೇ ಬಂದು ಚಿತ್ರ ಸರಿಮಾಡಿಕೊಟ್ಟರಂತೆ.

"ನಮ್ಮ ಅದೃಷ್ಟ ಕಣೇ. ನಗ್ತಾ ನಗ್ತಾ ಸರಿಮಾಡಿದ್ರು," ಎಂದರು ನಮ್ಮವರು.

"ಕಲ್ಲು?"

"ಕೆಂಪು ಹೋಗ್ಲಿಲ್ಲ ನೋಡು, ಅದರ ಮೇಲೆ ಲಂಟಾನ ಪೊದೆ ಬರೆದುಬಿಟ್ಟಿದ್ದಾರೆ. ಮೊದಲಿಗಿಂತ ಚೆನ್ನಾಗಿದೆ. ನಾಳೆ ಗುಡೀಲಿ ಕಾಯಿ ಒಡೆಸ್ಕೊಂಡು ಬಾ."

ಹೋದೆ. ಯಾರ ಹೆಸರಿನಲ್ಲಿ ಎಂದು ಪೂಜಾರಿ ಕೇಳಿದರು. ನಮ್ಮವರ ಹೆಸರು, ನಕ್ಷತ್ರ ಹೇಳಿದೆ. ಪೊದೆಯ ಕೆಳಗಿರುವವನ ಹೆಸರು ಬಾಯಿಗೆ ಬಂದಿತ್ತು. ಹೇಳಲಿಲ್ಲ.