ರಂಗೋಲಿಯ ಕೋಣೆ

ಹಿರೇಹಡಗಲಿ ಹತ್ತಿರದ ನಮ್ಮೂರ ಅಂಗನವಾಡಿಯ ಆಯಾಗೆ ಒಂದೇ ಚಿಂತೆ: "ಬಂದೋರು ಏನಂದಾರು?" ಆ ವರ್ಷ ಮಳೆಗೆ ಅಂಗನವಾಡಿಯ ಮಣ್ಣಿನ ಕೋಣೆ ಪೂರ್ತಿ ಕುಸಿಯಿತು. ಇಂಜಿನಿಯರ್ ಬಂದು ಹಾನಿ ಅಳೆದು ಬರೆದರೆ ಮಾತ್ರ ಸರ್ಕಾರದ ಪರಿಹಾರ ಅನುದಾನದಲ್ಲಿ ಹೊಸ ಕೋಣೆ. ಅವರು ಬಂದದ್ದು ಸೋಮವಾರ. ಅಷ್ಟರಲ್ಲಿ ಆಯಾ ಬಿದ್ದ ಗೋಡೆಗಳ ಎಂಬತ್ತೆರಡು ಬುಟ್ಟಿ ಮಣ್ಣನ್ನು ಆಚೆ ಹೊತ್ತು ಹಾಕಿ, ನೆಲ ಸಾರಿಸಿಬಿಟ್ಟಿದ್ದರು. ಎಣಿಸಿದವಳು ನಾನೇ.

"ಬಿದ್ದದ್ದು ಎಲ್ಲೈತಿ ಯವ್ವಾ? ಬಯಲು ನೋಡಿ ಏನಂತ ಬರೀಲಿ?" ಇಂಜಿನಿಯರ್ ಹಣೆ ಚಚ್ಚಿಕೊಂಡರು.

ಆಯಾ ಓಡಿಹೋಗಿ ರಂಗೋಲಿ ಪುಡಿ ತಂದು, ಗೋಡೆಗಳಿದ್ದ ಜಾಗದಲ್ಲಿ ಸರ್ರನೆ ಗೆರೆ ಎಳೆದರು. "ಬುನಾದಿ ಕಲ್ಲು ಇದರ ಕೆಳಗ ಅದಾವು, ಕೆರೆದು ನೋಡ್ರಿ ಸಾಹೇಬ್ರ!"

ಕೆರೆದರೆ ಕಲ್ಲು ಸಿಕ್ಕವು! ಇಂಜಿನಿಯರ್ ನಗುತ್ತ ಟೇಪು ಬಿಚ್ಚಿ ಅಳೆದು ಬರೆದುಕೊಂಡರು.

"ಹೊರಗ ಯಾಕ ನಿಂತೀರಿ? ಒಳಗ ಬರ್ರಿ, ಚಾ ಕುಡೀರಿ," ಎಂದು ಆಯಾ ಗೆರೆಯೊಳಗೆ ಚಾಪೆ ಹಾಸಿದರು. ಇಂಜಿನಿಯರ್ ಬೂಟು ಬಿಚ್ಚಿಟ್ಟು ಗೆರೆ ದಾಟಿದರು.