ಮಧ್ಯಾಹ್ನ ಗುಡಿಸುತ್ತಿದ್ದ ಅಕ್ಕ

ಅಕ್ಕನಿಗೆ ಸಿಟ್ಟು ಬಂದರೆ ಮೊದಲು ಮೂಗುತಿ ಅಲುಗುತ್ತಿತ್ತು. ನಗು ಬಂದರೂ ಅಷ್ಟೇ. ಬೈಗುಳ ಬರುತ್ತದೋ ಚಹಾ ಬರುತ್ತದೋ ಎಂದು ನಾನು ಆ ಮೂಗುತಿಯನ್ನೇ ನೋಡುತ್ತ ನಿಂತಿರುತ್ತಿದ್ದೆ. ನಮ್ಮ ವಿಜಯಪುರ ಕಡೆಯವರೇ, ಈ ಮರಾಠಿ ನಾಡಿನ ಸಾನಪಾಡಾದಲ್ಲಿ ಮನೆ. ಬೇಲಾಪುರದ ನಮ್ಮ ಕಚೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ನನಗೆ ಆ ಕೆಲಸ ಕಲಿಸಿದವರೂ ಅವರೇ.

ನಮ್ಮ ಗಿರಾಕಿಗಳು ತರಕಾರಿಯ ಸಗಟು ವ್ಯಾಪಾರಿಗಳು. ಅವರ ಬಿಲ್ಲುಗಳೆಲ್ಲ ನಮ್ಮ ಸರ್ವರಿನಲ್ಲಿ. ಅಳಿಸಿದ ದಾಖಲೆಗಳ ಕಸ ಅಲ್ಲಿ ತುಂಬುತ್ತಲೇ ಇರುತ್ತದೆ. ಅದು ತಾನಾಗಿಯೇ ಸ್ವಚ್ಛವಾಗುವಂತೆ ಒಂದು ಹೊತ್ತು ಗೊತ್ತುಮಾಡಬೇಕು. ಆ ಹೊತ್ತಿನಲ್ಲಿ ಸಿಸ್ಟಮ್ ನಿಧಾನವಾಗುತ್ತದೆ. ಎಲ್ಲರೂ ಅದನ್ನು ರಾತ್ರಿಗೆ ಇಡುತ್ತಾರೆ. ಅಕ್ಕ ಮಾತ್ರ ಮಧ್ಯಾಹ್ನಕ್ಕೆ, ಅದೂ ಸ್ವಲ್ಪಸ್ವಲ್ಪವಾಗಿ, ಇಟ್ಟಿದ್ದರು. "ಮಾರ್ಕೆಟ್ ರಾತ್ರಿ ಎದ್ದಿರ್ತದ, ಮಧ್ಯಾಹ್ನ ಮಲಗ್ತದ. ರಾತ್ರಿ ಮಾಡೂದಂದ್ರ ಮಂದಿ ಉಣ್ಣಾಕ ಕುಂತಾಗ ಕಸ ಹೊಡದಂಗಲ್ಲೇನೋ ತಮ್ಮಾ?"

ಅಕ್ಕ ರಜೆ ಹಾಕಿದ್ದ ವಾರ, ಬೆಂಗಳೂರಿನಿಂದ ಬಂದಿದ್ದ ನಮ್ಮ ಮ್ಯಾನೇಜರ್ ಅದನ್ನು ರಾತ್ರಿಗೆ ಬದಲಾಯಿಸಿದ. "ರಾತ್ರಿ ಹೊತ್ತು ಯಾರ್ರೀ ಎದ್ದಿರ್ತಾರೆ?" ಎಂದು ನಕ್ಕ. ಬೇಡ ಸರ್ ಎಂದೆ. ಹೊಸಬನ ಮಾತು ಯಾರು ಕೇಳುತ್ತಾರೆ? ಆ ರಾತ್ರಿ ಬಿಲ್ಲುಗಳು ನಿಂತವು, ಲಾರಿಗಳು ನಿಂತವು, ಕೊತ್ತಂಬರಿ ಬಾಡಿತು. ವ್ಯಾಪಾರಿಗಳು ಜಗಳಕ್ಕೆ ಬಂದರೆ ಆ ಮಹಾನುಭಾವ, "ಇದೆಲ್ಲ ಮೇಡಮ್ಮೋರ ಸೆಟ್ಟಿಂಗು" ಎಂದುಬಿಟ್ಟ. ಥೂ!

ಬದಲಾಯಿಸಿದ್ದು ಅವನೇ ಎಂದು ನಾನು ಹೇಳಿದರೂ ಯಾರೂ ನಂಬಲಿಲ್ಲ, ಅಕ್ಕನ ಕೆಲಸ ಹೋಯಿತು. ಮಾರ್ಕೆಟ್ ನಿಲ್ಲಿಸಿದವಳು ಎಂಬ ಹೆಸರು ಠಾಣೆ ಊರಿನ ಕಂಪನಿಗಳವರೆಗೂ ಹಬ್ಬಿ, ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಸ್ವಂತ ಮಗಳೇ, "ಗಲತಿ ಮಾನ್ ಲೋ ನಾ, ಮಮ್ಮಿ," ತಪ್ಪು ಒಪ್ಪಿಕೊಂಡುಬಿಡು, ಎನ್ನುತ್ತಿದ್ದಳು. ಅಕ್ಕನನ್ನು ಒಳಗೊಳಗೇ ತಿಂದದ್ದು ಅದು.

"ನಾ ಮರಿಯಂಗಿಲ್ಲ. ನೀನೂ ಮರೀಬ್ಯಾಡ," ಎಂದರು ನನಗೆ. ಮರೆಯಲಿಲ್ಲ. ಅವನ ಹೆಸರು ಕೇಳಿದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಕಳೆದ ವರ್ಷ ಅಕ್ಕ ಹೃದಯಾಘಾತದಿಂದ ಹೋದರು. ತಿಥಿಯ ದಿನ ಆ ಮನುಷ್ಯ ಹಾರ ಹಿಡಿದುಕೊಂಡು ಬಂದ! ಫೋಟೋಗೆ ಹಾಕಿ, "ಒಳ್ಳೆ ಕೆಲಸಗಾರ್ತಿ. ಒಂದೇ ಒಂದು ತಪ್ಪು ಮಾಡಿದ್ರು, ಪಾಪ," ಎಂದ.

ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. "ಟೈಮ್ ಬದಲ್ ಮಾಡಿದವ್ರು ಯಾರ್ರೀ ಸರ? ಹೇಳದ ಈ ಮನಿ ಬಿಟ್ಟು ಹೋಗಂಗಿಲ್ಲ ನೀವು."

ಅವನು ಅಕ್ಕನ ಮಗಳ ಮುಖ ನೋಡಿದ, ನನ್ನ ಮುಖ ನೋಡಿದ. "ನಾನೇ," ಎಂದು ಗೊಣಗಿದ.

"ಕೇಳಿಸ್ಲಿಲ್ರೀ."

"ನಾನೇ ಬದಲಾಯಿಸಿದ್ದು. ಅವರದೇನೂ ತಪ್ಪಿರಲಿಲ್ಲ."

ಮಗಳು ಫೋಟೋದಿಂದ ಆ ಹಾರ ತೆಗೆದು ಅವನ ಕೈಗೇ ಕೊಟ್ಟಳು. ಆಮೇಲೆ ತಾಯಿಯ ಫೋಟೋ ಎದೆಗವಚಿಕೊಂಡು ನೆಲಕ್ಕೆ ಕುಸಿದಳು.

ಸಾವಿನ ಮನೆಯಲ್ಲಿ ಹೀಗಾ ಆಡೋದು ಎಂದು ಹಿರಿಯರು ನನ್ನನ್ನು ಬೈದರು. ಬೈಯಲಿ. ಅಕ್ಕ ಕೇಳುವ ಹಾಗಿದ್ದಾಗ ಅವನ ಬಾಯಿಂದ ಇದನ್ನು ಹೇಳಿಸಲು ನನ್ನಿಂದಾಗಲಿಲ್ಲವಲ್ಲ, ಆ ಉರಿ ಮಾತ್ರ ಆರುತ್ತಿಲ್ಲ.